ಜಲಮಾಹಿತಿ ಜಾಲ (ಉಡುಪಿ ಜಿಲ್ಲೆ)

ಮಳೆ, ಹೊಳೆ, ಅಣೆಕಟ್ಟು, ಅಂತರ್ಜಲಗಳ ಅಳತೆಯನ್ನು ಎಂಜಿನಿಯರುಗಳು, ಸಂಶೋಧಕರು, ಆಡಳಿತಗಾರರು ಒಂದೆಡೆ ನೋಡುವಂತೆ ಅಂತರಜಾಲದಲ್ಲಿ ಕೂಡಿಸಿಡುವ ವ್ಯವಸ್ಥೆ. ಬೆಂಗಳೂರಿನ ಅರ್ಘ್ಯಂ ಸಂಸ್ಥೆ 2007ರಲ್ಲಿ ಆರಂಭಿಸಿದ ಇಂಡಿಯಾ ವಾಟರ್ ಪೋರ್ಟಲ್ ಈ ದಿಕ್ಕಿನ ಮೊದಲ ದೊಡ್ಡ ಪ್ರಯತ್ನಗಳಲ್ಲೊಂದು. ಕೇಂದ್ರ ಜಲ ಆಯೋಗ ಮತ್ತು ಇಸ್ರೋ ಸೇರಿ ಇಂಡಿಯಾ-ವ್ರಿಸ್ ಎಂಬ ಜಲಸಂಪನ್ಮೂಲ ಮಾಹಿತಿ ತಾಣವನ್ನು ರೂಪಿಸಿದವು.

ಕರ್ನಾಟಕದಲ್ಲಿ ಇದರ ಬೆನ್ನೆಲುಬು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಇದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಮಾಪಕದೊಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಎಣಿಕೆ ಏರುತ್ತದೆ. ಆ ಲೆಕ್ಕ ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಬೆಂಗಳೂರು ಸೇರುತ್ತದೆ.

ಉಡುಪಿಗೆ ಇಂಥ ಮಾಹಿತಿ ಬೇಸಿಗೆಯಲ್ಲೇ ಹೆಚ್ಚು ಬೇಕು. ಘಟ್ಟದ ಬುಡದ ಕಾರ್ಕಳದಲ್ಲಿ ಜಡಿಮಳೆ ಸುರಿದರೂ ಸ್ವರ್ಣಾ ನದಿ ಏಪ್ರಿಲ್–ಮೇ ಹೊತ್ತಿಗೆ ಸೊರಗುತ್ತದೆ. ಉಡುಪಿ, ಮಣಿಪಾಲಗಳಿಗೆ ನೀರುಣಿಸುವ ಬಜೆ ಅಣೆಕಟ್ಟು 2019ರ ಮೇ ತಿಂಗಳಲ್ಲಿ ಬತ್ತಿ, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಕಾಪುವಿನ ಕಡಲಂಚಿನ ಬಾವಿಗಳದು ಉಪ್ಪುನೀರಿನ ಕಾಟ.

ಕೇಂದ್ರ ಅಂತರ್ಜಲ ಮಂಡಳಿ ವೀಕ್ಷಣಾ ಬಾವಿಗಳ ಮಟ್ಟವನ್ನು ವಾಡಿಕೆಯಂತೆ ವರ್ಷಕ್ಕೆ 4 ಬಾರಿ ಅಳೆಯುತ್ತದೆ. ನೀರು ಬೇಗನೆ ಬಸಿದುಹೋಗುವ ಮುರಕಲ್ಲಿನ ನೆಲಕ್ಕೆ ಅಷ್ಟು ಸಾಲದು.