ಇಸ್ತಿಕ್ಲಾಲ್: ಜಕಾರ್ತದ ಮಸೀದಿ ಮತ್ತು ಅದರ ನೆರೆಮನೆ

ಉರ್ದು ಓದಿದ ನಮಗೆ 'ಇಸ್ತಿಕ್ಲಾಲ್' ಎಂದರೆ ಮೊದಲು ಹೊಳೆಯುವ ಅರ್ಥ ಸ್ಥೈರ್ಯ, ಹಿಡಿದದ್ದನ್ನು ಬಿಡದ ಗುಣ. ಅರಬಿಯಲ್ಲಿ ಅದೇ ಶಬ್ದಕ್ಕೆ ಸ್ವಾತಂತ್ರ್ಯ ಎಂಬ ಅರ್ಥ. ಸ್ವತಂತ್ರ ಇಂಡೋನೇಶ್ಯ ತನ್ನ ರಾಜಧಾನಿ ಜಕಾರ್ತದ ಮಹಾಮಸೀದಿಗೆ ಆ ಹೆಸರಿಟ್ಟದ್ದು ಎರಡನೆಯ ಅರ್ಥದಲ್ಲಿ. ಡಚ್ಚರಿಂದ ಬಿಡುಗಡೆ ಸಿಕ್ಕಿದ್ದಕ್ಕೆ ದೇಶವೊಂದು ಅಲ್ಲಾಹನಿಗೆ ಸಲ್ಲಿಸಿದ ಶುಕ್ರ್ ಇದು. ಆದರೆ ಅದರ ಕತೆ ತಿಳಿದ ಮೇಲೆ ಮೊದಲನೆಯ ಅರ್ಥವೂ ಸುಳ್ಳಲ್ಲ ಎನಿಸುತ್ತದೆ.

ಊರಿನ ಹೆಸರೇ ಒಂದು ಇತಿಹಾಸ. ಸುಂಡ ಕೆಲಪ ಎಂಬ ಬಂದರನ್ನು 1527ರಲ್ಲಿ ಫತಾಹಿಲ್ಲಾ ವಶಪಡಿಸಿಕೊಂಡು ಪೋರ್ಚುಗೀಸರನ್ನು ಓಡಿಸಿದ ಮೇಲೆ ಅದು ಜಯಕರ್ತವಾಯಿತೆಂದು ಅಲ್ಲಿನವರು ಹೇಳುತ್ತಾರೆ. ಗೆದ್ದವನು ಮುಸ್ಲಿಮ್, ಇಟ್ಟ ಹೆಸರು ಸಂಸ್ಕೃತ! 1619ರಲ್ಲಿ ಡಚ್ ಕಂಪೆನಿ ಆ ಊರನ್ನು ಸುಟ್ಟು ಬಟಾವಿಯ ಕಟ್ಟಿತು. ಹಳೆಯ ಹೆಸರು ಮರಳಿದ್ದು 1942ರಲ್ಲಿ, ಜಪಾನೀಯರು ಬಂದ ಮೇಲೆ. ಮರ್ಡೆಕಾ ಚೌಕದ ಹತ್ತಿರ 1987ರ ಒಂದು ಶಿಲ್ಪವಿದೆ. ಕುದುರೆಗಳು ಎಳೆಯುವ ರಥ, ಸಾರಥಿ ಕೃಷ್ಣ, ಬಿಲ್ಲು ಹಿಡಿದ ಅರ್ಜುನ. ಹೆಸರು 'ಅರ್ಜುನ ವಿಜಯ'. ಪಂಪನನ್ನು ಪರೀಕ್ಷೆಗಾಗಿಯಾದರೂ ಓದಿದ ನಾವು ಅಲ್ಲಿ ಒಂದು ನಿಮಿಷ ನಿಲ್ಲುತ್ತೇವೆ. ಆ ಊರಿನವರು ನಿಲ್ಲುವುದಿಲ್ಲ. ಅವರಿಗೆ ಅದು ಮನೆಯ ಸಾಮಾನು.

ಮಸೀದಿ ಎಲ್ಲಿರಬೇಕೆಂಬುದೇ ದೊಡ್ಡ ಚರ್ಚೆಯಾಗಿತ್ತು. ಉಪಾಧ್ಯಕ್ಷ ಹತ್ತಾ ಅವರಿಗೆ ಮುಸ್ಲಿಮರ ವಸತಿಗೆ ಹತ್ತಿರವಾದ ತಮ್ರಿನ್ ರಸ್ತೆ ಬೇಕಿತ್ತು. ಕೋಟೆ ಕೆಡವುವ ಖರ್ಚೂ ಉಳಿಯುತ್ತಿತ್ತು. ಅಧ್ಯಕ್ಷ ಸುಕರ್ನೊ ಒಪ್ಪಲಿಲ್ಲ. ಡಚ್ಚರ ಹಳೆಯ ಕೋಟೆ ಇದ್ದ, ಅವರ ರಾಣಿ ವಿಲ್ಹೆಲ್ಮಿನಾಳ ಹೆಸರಿನ ಉದ್ಯಾನದಲ್ಲೇ ಮಸೀದಿ ಏಳಬೇಕೆಂದರು. ರಸ್ತೆಯಾಚೆ 1901ರ ಕೆಥೊಲಿಕ್ ಪ್ರಧಾನ ಚರ್ಚು ನಿಂತಿತ್ತು. ಕೋಟೆ ಹೋಯಿತು, ಚರ್ಚು ಉಳಿಯಿತು. ಈ ವ್ಯತ್ಯಾಸವನ್ನು ನಾವು ಗಮನಿಸಬೇಕು. ಅವರು ಕೆಡವಿದ್ದು ಆಳಿದವರ ಕೋಟೆಯನ್ನು, ನೆರೆಯವರ ದೇವಾಲಯವನ್ನಲ್ಲ.

ವಿನ್ಯಾಸಕ್ಕಾಗಿ 1955ರಲ್ಲಿ ಸ್ಪರ್ಧೆ ನಡೆಯಿತು. ಗೆದ್ದವರು ಫ್ರೆಡ್ರಿಕ್ ಸಿಲಬಾನ್, ಸುಮಾತ್ರಾದ ಬತಕ್ ಜನಾಂಗದ ಪ್ರೊಟೆಸ್ಟೆಂಟ್ ಕ್ರೈಸ್ತ. ನಮ್ಮೂರಿನ ಜಮಾಅತ್ ಕಮಿಟಿಗೆ ಇಂಥದ್ದು ಎದುರಾಗಿದ್ದರೆ ಎಷ್ಟು ಸಭೆಗಳು ಕರೆಯಬೇಕಾಗುತ್ತಿತ್ತೋ! 1961ರಲ್ಲಿ ಅಡಿಗಲ್ಲು ಬಿತ್ತು. 1965ರ ರಕ್ತಪಾತದಲ್ಲಿ ದೇಶವೇ ತತ್ತರಿಸಿತು, ಸುಕರ್ನೊ ಅಧಿಕಾರ ಕಳೆದುಕೊಂಡರು, ತೀರಿಕೊಂಡರು. ಮಸೀದಿಯನ್ನು ಉದ್ಘಾಟಿಸಿದ್ದು 1978ರಲ್ಲಿ, ಅವರನ್ನು ಕೆಳಗಿಳಿಸಿದ ಸುಹಾರ್ತೊ.

ಒಳಗೆ ಒಂದು ಲಕ್ಷಕ್ಕೂ ಹೆಚ್ಚು ಜನ ನಮಾಝು ಮಾಡಬಹುದು. ಆದರೂ ಬೆರಗುಗೊಳಿಸುವುದು ವಿಸ್ತಾರಕ್ಕಿಂತ ಸರಳತೆ. ಕುಸುರಿ ಕೆಲಸ ಕಡಿಮೆ. ಹನ್ನೆರಡು ಭಾರೀ ಕಂಬಗಳ ಮೇಲೆ 45 ಮೀಟರ್ ಅಗಲದ ಗುಂಬಜ್. ಅದು 1945ರ ಸ್ವಾತಂತ್ರ್ಯ ಘೋಷಣೆಯ ಗುರುತು. ಉಕ್ಕಿನ ಜಾಲರಿಯಿಂದ ಗಾಳಿ ಹಾಯುತ್ತದೆ. ಒಂದೆಡೆ 'ಬೆಡುಕ್' ಎಂಬ ದೊಡ್ಡ ನಗಾರಿ ಇದೆ. ಬಾಂಗಿಗೆ ಮುಂಚೆ ಇದನ್ನು ಬಾರಿಸುವುದು ಜಾವಾದ ಹಳೆಯ ರೂಢಿ. ದರ್ಗಾಗಳಲ್ಲಿ ನಗಾರಿ ಕೇಳಿ ಬೆಳೆದ ನಮಗೆ ಅದು ಪರಕೀಯವೆನಿಸಲಿಲ್ಲ.

ಹಾಗೆಂದು ಜಕಾರ್ತ ಸ್ವರ್ಗವಲ್ಲ. 1998ರ ಮೇಯಲ್ಲಿ ಚೀನೀ ಮೂಲದವರ ಅಂಗಡಿ ಮನೆಗಳು ಹೊತ್ತಿ ಉರಿದವು. 1999ರ ಏಪ್ರಿಲ್‌ನಲ್ಲಿ ಇದೇ ಮಸೀದಿಯ ನೆಲಮಾಳಿಗೆಯಲ್ಲಿ ಬಾಂಬು ಸಿಡಿಯಿತು. 2000ದ ಕ್ರಿಸ್‌ಮಸ್ ಮುನ್ನಾದಿನ ಬಾಂಬು ಇಟ್ಟವರು ಎದುರಿನ ಚರ್ಚನ್ನೂ ಬಿಡಲಿಲ್ಲ. 2016ರ ನವೆಂಬರ್‌ನ ಒಂದು ಶುಕ್ರವಾರ, ಜುಮಾ ಮುಗಿದ ಮೇಲೆ, ನಗರದ ಕ್ರೈಸ್ತ ಗವರ್ನರ್ ಬಾಸುಕಿ ಅವರ ವಿರುದ್ಧ ಭಾರೀ ಮೆರವಣಿಗೆ ಹೊರಟದ್ದು ಇಸ್ತಿಕ್ಲಾಲ್‌ನಿಂದಲೇ. ಮರುವರ್ಷ ಧರ್ಮನಿಂದನೆಯ ಆರೋಪದಲ್ಲಿ ಅವರಿಗೆ ಎರಡು ವರ್ಷ ಜೈಲಾಯಿತು. ಕ್ರೈಸ್ತನೊಬ್ಬ ಬಿಡಿಸಿದ ನಕ್ಷೆಯ ಆ ಅಂಗಳದಲ್ಲಿ ಅಂದು ಸೇರಿದವರಲ್ಲಿ ಎಷ್ಟು ಮಂದಿಗೆ ಸಿಲಬಾನ್ ನೆನಪಾದರೋ.

ನೆರೆಹೊರೆ ಮಾತ್ರ ಮುರಿದುಬೀಳಲಿಲ್ಲ. 2021ರಲ್ಲಿ ಮಸೀದಿಗೂ ಚರ್ಚಿಗೂ ನಡುವೆ ರಸ್ತೆಯಡಿಯಲ್ಲಿ ಸುರಂಗದಾರಿಯೊಂದು ಸಿದ್ಧವಾಯಿತು. ಅದನ್ನು 'ಸಿಲತುರಹ್ಮಿ' ಸುರಂಗವೆಂದು ಕರೆಯುತ್ತಾರೆ. ನಾವು ಉರ್ದುವಿನಲ್ಲಿ 'ಸಿಲಾ ರಹ್ಮಿ' ಎನ್ನುತ್ತೇವಲ್ಲ, ಬಂಧುತ್ವ ಕಾಯುವುದು, ಅದೇ ಮಾತು. 2024ರ ಸೆಪ್ಟೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಬಂದು ಮಸೀದಿಯ ಪ್ರಧಾನ ಇಮಾಮ್ ನಸರುದ್ದೀನ್ ಉಮರ್ ಜೊತೆ ಆ ಸುರಂಗದ ಬಾಯಲ್ಲಿ ನಿಂತರು. ಪತ್ರಿಕೆಗಳಲ್ಲಿ ಆ ಫೋಟೊ ಬಂತು.

ಫೋಟೊ ಬರದ ಸಂಗತಿಗಳು ಅದಕ್ಕೂ ಹಳೆಯವು. ಕ್ರಿಸ್‌ಮಸ್‌ಗೆ ಚರ್ಚಿಗೆ ಬಂದವರು ಮಸೀದಿಯ ಅಂಗಳದಲ್ಲಿ ವಾಹನ ನಿಲ್ಲಿಸುತ್ತಾರೆ, ಈದ್‌ಗೆ ಮಸೀದಿಗೆ ಬಂದವರು ಚರ್ಚಿನ ಅಂಗಳದಲ್ಲಿ. ಈದ್ ಭಾನುವಾರ ಬಿದ್ದಾಗ ಈದ್ ನಮಾಝು ಮುಗಿಯಲಿ ಎಂದು ಚರ್ಚಿನವರು ಬೆಳಗಿನ ಬಲಿಪೂಜೆಯ ಹೊತ್ತನ್ನು ಮುಂದೆ ಹಾಕಿದ್ದೂ ಉಂಟು.