ಬೆರಳ ತುದಿಯ ಕೆಂಪು ದೀಪ

2021ರ ಮೇ. ರಾತ್ರಿ ಎರಡು ಗಂಟೆಗೆ ಅಪ್ಪನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಕೂತಿದ್ದೆ. 93, 92, ಮತ್ತೆ 93. ಆ ಅಂಕಿ ಬಿಟ್ರೆ ಬೇರೇನೂ ಕಾಣ್ತಿರಲಿಲ್ಲ.

ಅದರ ಕಥೆ ಓದಿದ್ದು ಆಮೇಲೆ. 1970ರ ದಶಕದ ಆರಂಭದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ಹೊರಹಾಕುತ್ತದೆಂದು ಅಳೆಯಲು ಹೊರಟಿದ್ದರು. ನಾಡಿಮಿಡಿತ ಅಳತೆ ಕೆಡಿಸುತ್ತಿತ್ತು. ಅದನ್ನು ಅಳಿಸಲು ಎರಡು ತರಂಗಾಂತರದ ಬೆಳಕು ಬಳಸಿದರು. ಆದರೆ ರಕ್ತದಲ್ಲಿನ ಆಮ್ಲಜನಕ ಬದಲಾದಾಗ ಮಿಡಿತ ಮತ್ತೆ ತಲೆಯೆತ್ತುತ್ತಿತ್ತು. ಅಂದ್ರೆ, ಕಾಟ ಅಂದುಕೊಂಡಿದ್ದೇ ಆಮ್ಲಜನಕದ ಸುದ್ದಿ ಹೇಳ್ತಿತ್ತು! 1974ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು.

2020ರ ಏಪ್ರಿಲ್‌ನಲ್ಲಿ, ಕೋವಿಡ್ ಜಗತ್ತನ್ನು ಆವರಿಸಿದ್ದಾಗ, ಅವರು ತೀರಿಕೊಂಡರು. ಮರುವರ್ಷ ಅವರ ಕೆಂಪು ದೀಪ ನಮ್ಮನೆಗೂ ಬಂತು.

ಅಪ್ಪ ಈಗ ಆರಾಮಾಗಿದ್ದಾರೆ. ಆದ್ರೂ ಆ ಆಕ್ಸಿಮೀಟರನ್ನ ಯಾರಿಗೂ ಕೊಡೋಕೆ ಮನಸ್ಸು ಬರಲ್ಲ.