ಮೂರೇ ಪಂದ್ಯದ ವಾಟ್ಸನ್

1881ರ ಮಾರ್ಚ್ 12ರಂದು ಲಂಡನ್ನಿನ ಓವಲ್‌ನಲ್ಲಿ (ಹೌದು, ಕ್ರಿಕೆಟ್ಟಿನ ಅದೇ ಓವಲ್!) ಸ್ಕಾಟ್ಲೆಂಡ್ ತಂಡ ಇಂಗ್ಲೆಂಡನ್ನು ಫುಟ್‌ಬಾಲ್‌ನಲ್ಲಿ 6-1ರಿಂದ ಬಗ್ಗುಬಡಿಯಿತು. ಗೆದ್ದವರ ನಾಯಕ ಯಾರು ಗೊತ್ತೇ? ಆಂಡ್ರ್ಯೂ ವಾಟ್ಸನ್. 1856ರಲ್ಲಿ ಬ್ರಿಟಿಷ್ ಗಯಾನಾದಲ್ಲಿ ಸ್ಕಾಟಿಷ್ ಸಿರಿವಂತನಿಗೂ ಅಲ್ಲಿಯ ಕಪ್ಪು ಹೆಣ್ಣುಮಗಳಿಗೂ ಹುಟ್ಟಿದ ಮಗ. ದೇಶವೊಂದರ ಪರ ಆಡಿದ ಮೊದಲ ಕಪ್ಪು ಫುಟ್‌ಬಾಲಿಗ ಇವರೇ.

ಮುಂದೆ ವೇಲ್ಸ್ ಮೇಲೆ 5-1, 1882ರಲ್ಲಿ ಮತ್ತೆ ಇಂಗ್ಲೆಂಡ್ ಮೇಲೆ 5-1. ಮೂರೇ ಪಂದ್ಯ, ಮೂರೂ ಗೆಲುವು, ಅಲ್ಲಿಗೆ ಮುಗಿಯಿತು! ಏಕೆಂದರೆ ಅದೇ ವರ್ಷ ವಾಟ್ಸನ್ ಲಂಡನ್ ಸೇರಿದರು. ಸ್ಕಾಟ್ಲೆಂಡ್ ಆಗ ತನ್ನ ನೆಲದಲ್ಲಿ ಆಡುವವರನ್ನಷ್ಟೇ ಆರಿಸುತ್ತಿತ್ತು. ಊರು ಬಿಟ್ಟ ನಮಗೆ ಈ ಸಂಕಟ ಅರ್ಥವಾಗುತ್ತದೆ, ಅಲ್ಲವೇ?

ವಾಟ್ಸನ್ 1921ರಲ್ಲಿ ತೀರಿಕೊಂಡರು. ಅವರೆದುರು ಸೋತ ಇಂಗ್ಲೆಂಡ್, ಕಪ್ಪು ಆಟಗಾರ ವಿವ್ ಆಂಡರ್ಸನ್‌ಗೆ ಹಿರಿಯರ ತಂಡದ ಅಂಗಿ ತೊಡಿಸಿದ್ದು 1978ರಲ್ಲಿ.